ಚಿನ್ನದ ಲೆಕ್ಕ ಇದೆ, ಉಸಿರಿನ ಲೆಕ್ಕ ಎಲ್ಲಿ?

ಕೋಲಾರದ ಚಿನ್ನದ ಗಣಿಗಳಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ತೆಗೆಯಲಾಯಿತು ಎಂಬ ಲೆಕ್ಕ ನಮ್ಮಲ್ಲಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಈ ಗಣಿಗೆ ಬಂತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 2018 ಮತ್ತು 2022ರಲ್ಲಿ ಬಂದ ಎರಡು ಸಿನಿಮಾಗಳ ನಂತರ ಕೆಜಿಎಫ್ ಎಂಬ ಮೂರಕ್ಷರ ದೇಶದ ಮೂಲೆಮೂಲೆಗೂ ತಲುಪಿತು. ಆದರೆ ಆ ಚಿನ್ನಕ್ಕಾಗಿ ಕೊರೆದ ಕಲ್ಲಿನ ಧೂಳು ಎಷ್ಟು ಜನರ ಎದೆಯೊಳಗೆ ಕುಳಿತಿದೆ, ಅವರಲ್ಲಿ ಎಷ್ಟು ಜನ ಇನ್ನೂ ಬದುಕಿದ್ದಾರೆ, ಎಷ್ಟು ಜನ ಕೆಮ್ಮಿ ಕೆಮ್ಮಿ ಸತ್ತರು ಎಂದು ಕೇಳಿದರೆ ಅದಕ್ಕೆ ಉತ್ತರ ಹೇಳುವ ಹೊಣೆ ಯಾರದೆಂಬುದೇ ಸ್ಪಷ್ಟವಿಲ್ಲ. ಚಿನ್ನವನ್ನು ಗುಲಗಂಜಿ ತೂಕದಲ್ಲಿ ಅಳೆದವರು ಮನುಷ್ಯನ ಉಸಿರನ್ನು ಮಾತ್ರ ಅಳೆಯದೆ ಬಿಟ್ಟರು.

ಇದು ಹಳೆಯ ಕತೆ, ಈಗೇಕೆ ಎತ್ತುತ್ತೀರಿ ಎಂದು ಕೆಲವರು ಕೇಳಬಹುದು. ಧೂಳಿನ ರೋಗ ಹಳೆಯದಾಗುವುದಿಲ್ಲ ಎಂಬ ಕಾರಣಕ್ಕೇ ಎತ್ತುತ್ತಿದ್ದೇವೆ. ಗಣಿ ಮುಚ್ಚಿದರೂ ಅದು ಮುಚ್ಚುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಪ್ಪ ಕುಡಿದ ಧೂಳನ್ನೇ ಬೇರೆ ಹೆಸರಿನಲ್ಲಿ ಮಗ ಇಂದು ಕುಡಿಯುತ್ತಿದ್ದಾನೆ.

ಧೂಳು ಮಾಡುವ ಕೆಲಸ

ಚಿನ್ನ ಇರುವುದು ಬೆಣಚುಕಲ್ಲಿನ ಪದರಗಳಲ್ಲಿ. ಬೆಣಚುಕಲ್ಲು ಎಂದರೆ ಸಿಲಿಕಾ. ಡ್ರಿಲ್ ಯಂತ್ರ ಅದನ್ನು ಕೊರೆಯುವಾಗ, ಸಿಡಿಮದ್ದು ಅದನ್ನು ಒಡೆಯುವಾಗ, ಗಿರಣಿ ಅದನ್ನು ಅರೆಯುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ ಏಳುತ್ತದೆ. ಕಣ್ಣಿಗೆ ಕಾಣುವ ಧೂಳು ಬಹುಮಟ್ಟಿಗೆ ಮೂಗು, ಗಂಟಲಿನಲ್ಲೇ ತಡೆದು ಹೊರಬೀಳುತ್ತದೆ. ಕಾಣದ ಧೂಳು ಶ್ವಾಸಕೋಶದ ತುತ್ತತುದಿಗೆ ಹೋಗಿ ಕೂರುತ್ತದೆ. ಅದನ್ನು ನುಂಗಲು ಬಂದ ರಕ್ಷಕ ಕಣಗಳೇ ಸಾಯುತ್ತವೆ. ಆ ಜಾಗದಲ್ಲಿ ಗಾಯವಾಗಿ, ಗಾಯ ಮಾಯ್ದು ಗಂಟುಕಟ್ಟುತ್ತದೆ. ಮೆತ್ತಗಿರಬೇಕಾದ ಶ್ವಾಸಕೋಶ ಗಟ್ಟಿಯಾಗುತ್ತ ಹೋಗುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧಿ ಇಲ್ಲ. ಕೆಲಸ ಬಿಟ್ಟ ಮೇಲೂ ಇದು ಬೆಳೆಯಬಲ್ಲದು. ಸಿಲಿಕೋಸಿಸ್ ಇದ್ದವನಿಗೆ ಕ್ಷಯ ಬೇಗ ಹತ್ತುತ್ತದೆ. ಹೀಗಾಗಿ ಎಷ್ಟೋ ಕಡೆ ಧೂಳಿನ ರೋಗಿಗೆ ಟಿಬಿ ಎಂಬ ಚೀಟಿ ಮಾತ್ರ ಸಿಗುತ್ತದೆ. ಟಿಬಿಗೆ ಮಾತ್ರೆ ಕೊಟ್ಟರೆ ಮುಗಿಯಿತು, ಸಿಲಿಕೋಸಿಸ್ ಎಂದು ಬರೆದರೆ ಮಾಲೀಕ ಪರಿಹಾರ ಕೊಡಬೇಕಾಗುತ್ತದೆ. ಇವೆರಡರ ನಡುವಿನ ವ್ಯತ್ಯಾಸ ವೈದ್ಯಶಾಸ್ತ್ರಕ್ಕೆ ಮಾತ್ರ ಸೇರಿದ್ದಲ್ಲ. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ದುಡಿಮೆಯ ಜಾಗದ ಸಿಲಿಕಾ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದೂ ಹೇಳಿತು.

ಕಲ್ನಾರು ಇದರ ಅಣ್ಣ. ಹೆಸರೇ ಹೇಳುವಂತೆ ಅದು ನಾರಿನಂತಿರುವ ಕಲ್ಲು. ಆಸ್ಬೆಸ್ಟಾಸ್ ಎಂದರೆ ಇದೇ. ಅದರ ಎಳೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಒಳಹೊಕ್ಕರೆ ಕರಗುವುದಿಲ್ಲ. ಶ್ವಾಸಕೋಶವನ್ನು ಗಟ್ಟಿ ಮಾಡುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಎದೆ ಮತ್ತು ಹೊಟ್ಟೆಯ ಒಳಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್ ಇದರ ಕೊಡುಗೆಗಳು. ಧೂಳು ಒಳಹೋದ ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷಗಳ ನಂತರ ರೋಗ ಮುಖ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಕೆಲಸದ ಜಾಗದ ಕಲ್ನಾರಿನಿಂದ ಜಗತ್ತಿನಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ.

ಈ ತಡವೇ ಮಾಲೀಕರ ಅದೃಷ್ಟ. ಗಣಿಯೊಳಗೆ ಬಂಡೆ ಸಿಡಿದು ಹತ್ತು ಜನ ಸತ್ತರೆ ಸೈರನ್ ಕೂಗುತ್ತದೆ, ಊರು ಸೇರುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಧೂಳು ಕುಡಿದವನು ಹತ್ತಿಪ್ಪತ್ತು ವರ್ಷ ಕಳೆದು ತನ್ನ ಮನೆಯ ಚಾಪೆಯ ಮೇಲೆ ಸಾಯುತ್ತಾನೆ. ಅಷ್ಟರಲ್ಲಿ ಅವನ ಹೆಸರು ಹಾಜರಿ ಪುಸ್ತಕದಲ್ಲಿರುವುದಿಲ್ಲ. ಸಾವನ್ನು ಮುಂದಕ್ಕೆ ಹಾಕಿದರೆ ಕೊಲೆಯ ಹೊಣೆ ತಪ್ಪುತ್ತದೆಯೇ?

ಗೊತ್ತಿಲ್ಲ ಎನ್ನುವಂತಿಲ್ಲ

ಕೆಜಿಎಫ್‌ನಲ್ಲಿ ಧೂಳಿನ ಅಪಾಯ ಯಾರಿಗೂ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. 1880ರಲ್ಲಿ ಇಲ್ಲಿಗೆ ಬಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಾಲದಲ್ಲೇ, 1940ರ ದಶಕದಲ್ಲಿ, ವೈದ್ಯರು ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು 1947ರಲ್ಲಿ, ಕೋಲಾರದ ಚಿನ್ನದ ಗಣಿಯಿಂದ ಎಂದು ನಮ್ಮ ವೈದ್ಯಕೀಯ ಕಾಲೇಜುಗಳ ಪಠ್ಯಪುಸ್ತಕದಲ್ಲೇ ಇದೆ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಮತ್ತು ಕೋಲಾರದ ಕಾರ್ಮಿಕನ ಎದೆಯ ಕಲೆ ವೈದ್ಯಲೋಕದ ದಾಖಲೆಗೆ ಸೇರಿದ ವರ್ಷ ಒಂದೇ. ವೈದ್ಯ ವಿದ್ಯಾರ್ಥಿಗಳು ಒಂದು ಅಂಕಕ್ಕಾಗಿ ಆ ಸಾಲನ್ನು ಬಾಯಿಪಾಠ ಮಾಡುತ್ತಾರೆ. ಆ ಸಾಲಿನಲ್ಲಿರುವ ಜನರ ಮಕ್ಕಳು, ಮೊಮ್ಮಕ್ಕಳು ಮಾರಿಕುಪ್ಪಂ, ಕೋರಮಂಡಲ್, ಚಾಂಪಿಯನ್ ರೀಫ್ಸ್ ಲೈನುಗಳಲ್ಲಿ ಇವತ್ತೂ ಇದ್ದಾರೆ.

ಆ ಜನ ಯಾರು? ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ಬರಗಾಲಕ್ಕೂ ಜಾತಿಯ ಕಾಟಕ್ಕೂ ಬೇಸತ್ತು ಬಂದ ದಲಿತರೇ ಬಹುಪಾಲು. ಅವರೊಂದಿಗೆ ಬಡ ಮುಸ್ಲಿಮರು, ಕ್ರೈಸ್ತರು, ಸುತ್ತಲಿನ ಹಳ್ಳಿಯ ರೈತರು. ದೊರೆಗಳು ಗುಡ್ಡದ ಮೇಲಿನ ಬಂಗಲೆಗಳಲ್ಲಿದ್ದರು, ಇವರು ಒಂದೇ ಕೋಣೆಯ ಲೈನ್‌ಮನೆಗಳಲ್ಲಿದ್ದರು. ಊರಿನ ಮೇಲ್ಜಾತಿಯವರು ಯಾರ ನೆರಳನ್ನು ತಾಕಿಸಿಕೊಳ್ಳುತ್ತಿರಲಿಲ್ಲವೋ ಅವರೇ ಅಗೆದು ಕೊಟ್ಟ ಚಿನ್ನ ಎಲ್ಲರ ಕೊರಳಿಗೂ ಏರಿತು. ಚಿನ್ನಕ್ಕೆ ಮೈಲಿಗೆ ಇರಲಿಲ್ಲ!

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ಬಿಳಿ ದೊರೆ ಹೋಗಿ ನಮ್ಮದೇ ಸರ್ಕಾರ ಮಾಲೀಕನಾದದ್ದು ಸಣ್ಣ ಮಾತೇನಲ್ಲ. ಹಾಗೆಂದೇ ಅದರ ಹೊಣೆಯೂ ದೊಡ್ಡದು. 2001ರ ಫೆಬ್ರವರಿ ಕೊನೆಗೆ ನಷ್ಟದ ಲೆಕ್ಕ ತೋರಿಸಿ ಗಣಿಯನ್ನು ಮುಚ್ಚಲಾಯಿತು. ಸಾವಿರಾರು ಕುಟುಂಬಗಳ ಒಲೆ ಆರಿತು. ಕಂಪನಿಯ ಆಸ್ಪತ್ರೆಗೂ ಬೀಗ ಬಿತ್ತು. ತಮ್ಮ ಕಾರ್ಮಿಕರ ಎದೆಯನ್ನು ದಶಕಗಳ ಕಾಲ ಬಲ್ಲ ಆಸ್ಪತ್ರೆ ಅದು. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ ಸ್ವಯಂಸೇವಕರು ಸೇರಿ ಎರಡು ದಶಕದ ಕಸ ಗುಡಿಸಿ ಅಲ್ಲಿ ಮತ್ತೆ ಹಾಸಿಗೆ ಹಾಕಿದರು. ಊರಿನವರಿಂದ ಸಾಧ್ಯವಾದದ್ದು ಸರ್ಕಾರದಿಂದ ಇಪ್ಪತ್ತು ವರ್ಷ ಏಕೆ ಸಾಧ್ಯವಾಗಲಿಲ್ಲ?

ಮುಚ್ಚುವಾಗ ಹಣ ಕೊಟ್ಟೆವಲ್ಲ ಎಂಬ ಉತ್ತರ ಸಾಲದು. ಅದು ಕೆಲಸ ಹೋದದ್ದಕ್ಕೆ ಕೊಟ್ಟ ಹಣ. ಮುಂದೆ ಬರಲಿರುವ ರೋಗದ ಬೆಲೆ ಅದರಲ್ಲಿ ಸೇರಲಾರದು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಪಟ್ಟಿಯಲ್ಲೇ ಸಿಲಿಕೋಸಿಸ್ ಮತ್ತು ಆಸ್ಬೆಸ್ಟೋಸಿಸ್ ಉದ್ಯೋಗಜನ್ಯ ರೋಗಗಳಾಗಿ ಸೇರಿದ್ದವು. ಕಾನೂನು ಇತ್ತು. ಆದರೆ ರೋಗ ಇದೆಯೆಂದು ಬರೆದುಕೊಡುವ ವೈದ್ಯ, ದುಡಿದಿದ್ದಾನೆಂದು ತೋರಿಸುವ ಕಾಗದ, ಕೇಸು ನಡೆಸುವ ಶಕ್ತಿ ಈ ಮೂರೂ ಬಡವನ ಬಳಿ ಒಟ್ಟಿಗೆ ಸೇರುವುದು ಅಪರೂಪ.

ಅಪ್ಪನ ಗಣಿ, ಮಗನ ಶೀಟು

ಗಣಿ ಮುಚ್ಚಿದ ಮೇಲೆ ಕೆಜಿಎಫ್ ರೈಲು ಹತ್ತಿತು. ಮಾರಿಕುಪ್ಪಂನಿಂದ ನಸುಕಿನಲ್ಲಿ ಹೊರಡುವ ರೈಲು ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಓಡುತ್ತದೆ. ಅದರಲ್ಲಿ ಸೆಕ್ಯುರಿಟಿ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕಚೇರಿಗಳಲ್ಲಿ ದುಡಿಯುವವರು ಇರುತ್ತಾರೆ. ಜೊತೆಗೆ ಗಾರೆ ಕೆಲಸದವರು, ಗ್ರಾನೈಟ್ ಕೊಯ್ಯುವವರು, ಶೀಟು ಹೊದಿಸುವವರು, ಹಳೆ ಕಟ್ಟಡ ಒಡೆಯುವವರೂ ಇರುತ್ತಾರೆ. ಗ್ರಾನೈಟ್ ಕೊಯ್ದರೆ ಏಳುವುದು ಸಿಲಿಕಾ. ಕಲ್ನಾರು ಬೆರೆಸಿದ ಸಿಮೆಂಟ್ ಶೀಟನ್ನು ಕಟಿಂಗ್ ಮೆಷಿನ್‌ನಿಂದ ಕೊಯ್ದರೆ ಏಳುವುದು ಆ ಕಲ್ನಾರು. ಗಣಿಯಲ್ಲಿ ಹಾಜರಿ ಪುಸ್ತಕವಾದರೂ ಇತ್ತು. ಇಲ್ಲಿ ಮೇಸ್ತ್ರಿಯ ಫೋನ್ ನಂಬರ್ ಬಿಟ್ಟರೆ ಮತ್ತೇನೂ ಇಲ್ಲ. ಮೂವತ್ತು ವರ್ಷದ ನಂತರ ಇವನಿಗೆ ಕ್ಯಾನ್ಸರ್ ಬಂದರೆ ಯಾರ ಮೇಲೆ ದಾವೆ ಹೂಡಬೇಕು?

ಇದು ಬೆಂಗಳೂರಿನ ಕಟ್ಟಡಗಳಿಗೆ ಮಾತ್ರ ಸೇರಿದ ಮಾತಲ್ಲ. ಕೆಜಿಎಫ್ ಲೈನುಗಳಲ್ಲೂ ಬಂಗಾರಪೇಟೆಯ ಗಲ್ಲಿಗಳಲ್ಲೂ ಶೀಟಿನ ಮನೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಎಲ್ಲ ಶೀಟಿನಲ್ಲೂ ಕಲ್ನಾರು ಇರುತ್ತದೆ ಎಂದು ನಾವು ಹೇಳುತ್ತಿಲ್ಲ. ಜಿಂಕ್ ತಗಡಿನಲ್ಲಿ ಅದು ಇರುವುದಿಲ್ಲ. ಆದರೆ ಬೂದುಬಣ್ಣದ ಅಲೆಯಲೆಯ ಸಿಮೆಂಟ್ ಶೀಟು ನಮ್ಮ ದೇಶದಲ್ಲಿ ಬಹುಪಾಲು ಕಲ್ನಾರಿನದೇ.

ಶೀಟು ತಯಾರಕರ ಪರವಾಗಿ ಎರಡು ವಾದಗಳಿವೆ. ಬಡವನಿಗೆ ಅಗ್ಗದ ಸೂರು ಇದೊಂದೇ ಎಂಬುದು ಮೊದಲನೆಯದು. ಬಿಳಿ ಕಲ್ನಾರು, ಅಂದರೆ ಕ್ರೈಸೊಟೈಲ್, ಸಿಮೆಂಟಿನಲ್ಲಿ ಬಂಧಿಯಾಗಿರುವುದರಿಂದ ಜೋಪಾನವಾಗಿ ಬಳಸಿದರೆ ಅಪಾಯವಿಲ್ಲ ಎಂಬುದು ಎರಡನೆಯದು. ಮೊದಲನೆಯದಕ್ಕೆ ನಮ್ಮ ಉತ್ತರ ಇಷ್ಟೆ: ಅಗ್ಗವಾದದ್ದು ಶೀಟಿನ ಬೆಲೆ, ರೋಗದ ಬೆಲೆಯಲ್ಲ. ಆ ಬೆಲೆಯನ್ನು ಕಂಪನಿಯ ಬದಲು ಬಡವನ ಹೆಂಡತಿ ಒಡವೆ ಅಡವಿಟ್ಟು ತೆರುತ್ತಾಳೆ. ಎರಡನೆಯ ವಾದ ಕಾಗದದ ಮೇಲೆ ಚೆಂದ. ಮೊಳೆ ಹೊಡೆಯದೆ, ತೂತು ಕೊರೆಯದೆ, ಅಳತೆಗೆ ಕೊಯ್ಯದೆ ಶೀಟು ಹೊದಿಸಿದವರನ್ನು ಯಾರಾದರೂ ಕಂಡಿದ್ದಾರೆಯೇ? ಮಳೆಬಿಸಿಲಿಗೆ ಸವೆದು, ಕೋತಿ ಹಾರಿ ಒಡೆದ ತುಂಡುಗಳು ಎಲ್ಲಿ ಹೋಗುತ್ತವೆ? ಚರಂಡಿಗೆ, ಖಾಲಿ ಸೈಟಿಗೆ, ಹಿತ್ತಿಲಿಗೆ. ಅಲ್ಲಿ ಮಕ್ಕಳು ಆಡುತ್ತಾರೆ. ಕ್ರೈಸೊಟೈಲೂ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿಯಾಗಿದೆ. ಯುರೋಪ್ ಒಕ್ಕೂಟ 2005ರಿಂದ ಅದನ್ನು ನಿಷೇಧಿಸಿದೆ. ಜಗತ್ತಿಗೆಲ್ಲ ಕಲ್ನಾರು ಮಾರುತ್ತಿದ್ದ ಕೆನಡಾ 2018ರಲ್ಲಿ ನಿಷೇಧದ ನಿಯಮ ತಂದಿತು. ಅಮೆರಿಕ 2024ರಲ್ಲಿ ಕ್ರೈಸೊಟೈಲನ್ನು ನಿಷೇಧಿಸುವ ಆದೇಶ ಹೊರಡಿಸಿತು. ನಾವೋ, ನಮ್ಮ ನೆಲದಲ್ಲಿ ಕಲ್ನಾರಿನ ಹೊಸ ಗಣಿ ಗುತ್ತಿಗೆಗಳನ್ನು 1986ರಷ್ಟು ಹಿಂದೆಯೇ ನಿಲ್ಲಿಸಿ, ಹೊರದೇಶದಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತ ಬಂದಿದ್ದೇವೆ. ಅಗೆಯುವುದು ಅಪಾಯ, ತಲೆಯ ಮೇಲೆ ಹೊದಿಯುವುದು ಕ್ಷೇಮ ಎಂಬ ಈ ನ್ಯಾಯ ಯಾವ ಶಾಸ್ತ್ರದ್ದು?

ನ್ಯಾಯಾಲಯ ಹೇಳಿದ ಮಾತು

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಲ್ನಾರಿನ ಕಾರ್ಖಾನೆಗಳ ಕುರಿತು ಒಂದು ದೊಡ್ಡ ತೀರ್ಪು ಕೊಟ್ಟಿತು. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆ ಅದು. ದುಡಿಯುವಾಗಲೂ ದುಡಿಮೆ ಮುಗಿದ ಮೇಲೂ ಆರೋಗ್ಯವಾಗಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ನ್ಯಾಯಾಲಯ ಸಾರಿತು. ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆಜ್ಞೆ ಮಾಡಿತು. ರೋಗ ತಡವಾಗಿ ಬರುತ್ತದೆ ಎಂಬುದನ್ನು ನ್ಯಾಯಾಲಯ ಅರ್ಥ ಮಾಡಿಕೊಂಡಿತ್ತು.

ಆ ಆಜ್ಞೆ ಇದ್ದದ್ದು ಕಲ್ನಾರಿನ ಕಾರ್ಖಾನೆಗಳಿಗೆ. ಆದರೆ ಅದರ ತತ್ವ ಧೂಳಿನಲ್ಲಿ ದುಡಿದ ಪ್ರತಿಯೊಬ್ಬನಿಗೂ ಸಲ್ಲುತ್ತದೆ. ಅದೇ ಅಳತೆಯನ್ನು ಕೆಜಿಎಫ್‌ಗೆ ಹಿಡಿದು ನೋಡೋಣ. 2001ರಲ್ಲಿ ಕೆಲಸ ಕಳೆದುಕೊಂಡವನ 15 ವರ್ಷ 2016ಕ್ಕೆ ಮುಗಿಯಿತು. 1985ರಲ್ಲಿ ಗಣಿಗಿಳಿದವನ 40 ವರ್ಷ 2025ಕ್ಕೆ ಮುಗಿಯಿತು. ಅಂದರೆ ಕಾಲ ನಮ್ಮ ಕೈಮೀರುತ್ತಿದೆ. ಕಾಗದಗಳು ಗೆದ್ದಲಿಗೂ ಮನುಷ್ಯರು ಮಣ್ಣಿಗೂ ಸೇರಿದ ಮೇಲೆ ಸಮಿತಿ ರಚಿಸಿದರೆ ಅದು ಯಾರಿಗೆ ಬೇಕು? ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ ಕೇಂದ್ರ ಸರ್ಕಾರ 1990ರಲ್ಲಿ ಸ್ಥಾಪಿಸಿದ್ದ ರಾಷ್ಟ್ರೀಯ ಸಂಸ್ಥೆಯನ್ನು ಕೂಡ 2019ರಲ್ಲಿ ಅಹಮದಾಬಾದಿನ ಸಂಸ್ಥೆಯೊಂದಿಗೆ ವಿಲೀನಗೊಳಿಸಲು ತೀರ್ಮಾನಿಸಲಾಯಿತು.

ಅಸಾಧ್ಯ ಎನ್ನುವವರು ದಕ್ಷಿಣ ಆಫ್ರಿಕದ ಕಡೆ ನೋಡಲಿ. ಅಲ್ಲಿಯೂ ಚಿನ್ನದ ಗಣಿ, ಅಲ್ಲಿಯೂ ಕಪ್ಪು ಕಾರ್ಮಿಕ, ಬಿಳಿ ಮಾಲೀಕ, ಅದೇ ಸಿಲಿಕೋಸಿಸ್. 1965ರಿಂದೀಚೆಗೆ ಆ ಗಣಿಗಳಲ್ಲಿ ದುಡಿದು ರೋಗ ಹತ್ತಿಸಿಕೊಂಡವರಿಗೆ ಮತ್ತು ಸತ್ತವರ ಕುಟುಂಬಗಳಿಗೆ ಪರಿಹಾರ ಕೊಡುವ ಒಪ್ಪಂದವನ್ನು ಜೊಹಾನ್ಸ್‌ಬರ್ಗ್‌ನ ಹೈಕೋರ್ಟ್ 2019ರಲ್ಲಿ ಮಾನ್ಯ ಮಾಡಿತು. ದೊಡ್ಡ ದೊಡ್ಡ ಗಣಿ ಕಂಪನಿಗಳು ಒಟ್ಟಾಗಿ 500 ಕೋಟಿ ರ‍್ಯಾಂಡ್ ತೆಗೆದಿಡಲು ಒಪ್ಪಬೇಕಾಯಿತು. ಅಷ್ಟು ದೂರ ಬೇಡ, ನಮ್ಮದೇ ರಾಜಸ್ಥಾನ 2019ರಲ್ಲಿ ಧೂಳಿನ ರೋಗಗಳಿಗೆಂದೇ ಒಂದು ನೀತಿ ತಂದಿತು. ರೋಗ ಖಚಿತವಾದವರಿಗೆ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ ಮತ್ತೆ 2 ಲಕ್ಷ ರೂಪಾಯಿ, ಜೊತೆಗೆ ಪಿಂಚಣಿ. ಇದು ಸಾಲದು ಎಂದು ಅಲ್ಲಿನ ಕಾರ್ಮಿಕರು ಹೇಳಬಹುದು. ಆದರೆ ರೋಗವನ್ನು ರೋಗವೆಂದು ಒಪ್ಪಿಕೊಂಡರಲ್ಲ!

ಗುಡ್ಡ ಕೆದಕುವ ಮುನ್ನ

ಈಗ ಇನ್ನೊಂದು ಕಾರಣಕ್ಕೂ ಈ ಮಾತು ತುರ್ತಿನದಾಗಿದೆ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟನ್ನು ಸುರಿದು ಸುರಿದು ಕೆಜಿಎಫ್‌ನಲ್ಲಿ ಗುಡ್ಡಗಳೇ ಎದ್ದಿವೆ. ಜನ ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಮೂರು ಕೋಟಿ ಟನ್ನಿಗೂ ಹೆಚ್ಚು ಹಿಟ್ಟು ಅಲ್ಲಿದೆ. ಗಾಳಿ ಬೀಸಿದಾಗ ಅದು ಅನ್ನದ ತಟ್ಟೆಯವರೆಗೂ ಬರುತ್ತದೆ. ಸೈನೈಡ್ ಎಂಬ ಹೆಸರು ಎಲ್ಲರನ್ನೂ ಹೆದರಿಸುತ್ತದೆ. ಬಿಸಿಲು ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುತ್ತದೆ. ಕಲ್ಲಿನ ಪುಡಿ ಸಾವಿರ ವರ್ಷ ಕಳೆದರೂ ಕಲ್ಲಿನ ಪುಡಿಯೇ. ಹೆದರಬೇಕಾದದ್ದಕ್ಕೆ ಹೆದರದಂತೆ ಈ ಹೆಸರೇ ನಮ್ಮ ಕಣ್ಣು ಕಟ್ಟಿದೆ.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಇಂಥ 13 ಗುಡ್ಡಗಳಿರುವ ಸಾವಿರಕ್ಕೂ ಹೆಚ್ಚು ಎಕರೆ ಪ್ರದೇಶದಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಕೆಲಸ ಬರುತ್ತದೆ ಎಂಬ ಆಸೆ ಊರಿನಲ್ಲಿದೆ. ನಾವು ಆ ಆಸೆಯನ್ನು ಹಗುರವಾಗಿ ಕಾಣುವುದಿಲ್ಲ. ಇಪ್ಪತ್ತೈದು ವರ್ಷ ರೈಲಿನಲ್ಲಿ ನಿಂತು ಬೆಂಗಳೂರಿಗೆ ಹೋಗಿಬಂದವರಿಗೆ ಊರಲ್ಲೇ ಕೂಲಿ ಸಿಗುವುದು ದೊಡ್ಡ ಮಾತು. ಆದರೆ ಕೆಲಸ ಬೇಕೋ ಉಸಿರು ಬೇಕೋ ಎಂದು ಬಡವನನ್ನು ಮಾತ್ರ ಕೇಳುವುದು ಯಾವ ನ್ಯಾಯ? ಕೆಲಸವೂ ಬೇಕು, ಉಸಿರೂ ಬೇಕು. ಗುಡ್ಡ ಕೆದಕುವ ಮುನ್ನ ಕೆಲವು ಕೆಲಸ ಆಗಲಿ. ಗಣಿಯಲ್ಲಿ ದುಡಿದು ಬದುಕಿರುವ ಪ್ರತಿಯೊಬ್ಬರನ್ನೂ ಹುಡುಕಿ ಎದೆಯ ಎಕ್ಸ್‌ರೇ ಮಾಡಿಸಲಿ. ಹಳೆಯ ಆರೋಗ್ಯ ದಾಖಲೆಗಳನ್ನು ಕಾರ್ಮಿಕರ ಕೈಗೆ ಕೊಡಲಿ. ರೋಗ ಖಚಿತಪಡಿಸುವ ವೈದ್ಯ ಮಂಡಳಿ ಕೆಜಿಎಫ್‌ನಲ್ಲೇ ಕೂರಲಿ. ಸತ್ತವರ ಕುಟುಂಬಗಳನ್ನೂ ಸೇರಿಸಿ ಪರಿಹಾರದ ನೀತಿ ಬರಲಿ. ಗಾಳಿಯಲ್ಲಿರುವ ಸಿಲಿಕಾವನ್ನು ಅಳೆದು ಊರಿನ ಎದುರು ಫಲಕದಲ್ಲಿ ಬರೆಯಲಿ. ಉಳಿದ ಚಿನ್ನದಲ್ಲಿ ಮೊದಲ ಪಾಲು ಈ ಜನರ ಚಿಕಿತ್ಸೆಗೆ ಸಲ್ಲಲಿ.

ಸರ್ಕಾರವನ್ನು ಕೇಳುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಗುಜರಿ ಅಂಗಡಿ, ಗ್ಯಾರೇಜು, ವೆಲ್ಡಿಂಗ್, ಕಟ್ಟಡ ಒಡೆಯುವ ಕೆಲಸಗಳಲ್ಲಿ ನಮ್ಮ ಸಮುದಾಯದ ಹುಡುಗರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಳೆಯ ಬ್ರೇಕ್ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು, ಅದರ ಪುಡಿಯನ್ನು ಬಾಯಿಂದ ಊದಬಾರದು, ಗಾಳಿ ಹೊಡೆದು ತೆಗೆಯಬಾರದು ಎಂದು ಎಷ್ಟು ಉಸ್ತಾದರು ಶಾಗಿರ್ದನಿಗೆ ಹೇಳಿಕೊಟ್ಟಿದ್ದಾರೆ? ಮಸೀದಿಯ ವುಜೂ ಮಾಡುವ ಜಾಗಕ್ಕೆ, ಮದ್ರಸದ ಕೋಣೆಗೆ ಚಂದಾ ಎತ್ತಿ ಹೊದಿಸುವುದು ಯಾವ ಶೀಟು? ಮುಂದಿನ ಸಲ ಕಲ್ನಾರಿಲ್ಲದ ಸೂರು ಹಾಕಿಸೋಣ. ಇರುವ ಶೀಟನ್ನು ಒಣದಾಗಿ ಕೊಯ್ಯುವುದು, ಉಜ್ಜುವುದು, ಒಡೆದು ಬಿಸಾಡುವುದು ಬೇಡ. ಮುಟ್ಟಲೇಬೇಕಾದರೆ ನೀರು ಹಾಕಿ ನೆನೆಸಿ ಇಡಿಯಾಗಿ ಇಳಿಸೋಣ. ಬಾಯಿಗೆ ಕಟ್ಟಿದ ಕರ್ಚೀಫು ಈ ಎಳೆಗಳನ್ನು ತಡೆಯುವುದಿಲ್ಲ ಎಂಬುದನ್ನೂ ನೆನಪಿಡೋಣ. ಜುಮಾ ಖುತ್ಬಾದಲ್ಲಿ, ದೇವಸ್ಥಾನದ ಜಗಲಿಯಲ್ಲಿ, ಚರ್ಚಿನ ಸಭೆಯಲ್ಲಿ ಈ ಮಾತು ಬರಲಿ. ಧೂಳು ಯಾರ ಧರ್ಮವನ್ನೂ ಕೇಳಿ ಒಳಹೋಗುವುದಿಲ್ಲ.

ದುಡಿದವನ ಬೆವರು ಆರುವ ಮೊದಲು ಅವನ ಕೂಲಿ ಸಲ್ಲಬೇಕೆಂಬ ಪ್ರವಾದಿ ಮುಹಮ್ಮದ್ (ಸ) ಅವರ ಬೋಧನೆಯನ್ನು ನಾವು ಸಭೆಸಭೆಗಳಲ್ಲಿ ನೆನೆಯುತ್ತೇವೆ. ಕಾಯಕವನ್ನು ದೊಡ್ಡದೆಂದ ಶರಣರ ನಾಡಿದು ಎಂದೂ ಹೇಳಿಕೊಳ್ಳುತ್ತೇವೆ. ಕೆಜಿಎಫ್‌ನ ಕಾರ್ಮಿಕರಲ್ಲಿ ಎಷ್ಟೋ ಜನರ ಬೆವರು ಆರಿ ದಶಕಗಳಾದವು, ಉಸಿರೂ ಆರಿತು. ಅವರಿಗೆ ಸಲ್ಲಬೇಕಾದದ್ದು ಇನ್ನೂ ಬಾಕಿ ಇದೆ. ಆ ಬಾಕಿ ತೀರದೆ ಅಲ್ಲಿಂದ ಎತ್ತುವ ಒಂದೊಂದು ಗುಂಜಿ ಚಿನ್ನವೂ ಸಾಲದ ಚಿನ್ನವೇ. ಬದುಕಿರುವವರ ಪಟ್ಟಿ ಸರ್ಕಾರದ ಬಳಿ ಇದ್ದರೆ ಇಂದೇ ಪ್ರಕಟಿಸಲಿ. ಇಲ್ಲವಾದರೆ ನಾಳೆಯಿಂದಲೇ ಮಾರಿಕುಪ್ಪಂನ ಮೊದಲ ಲೈನಿನ ಮೊದಲ ಮನೆಯಿಂದ ಬರೆಯಲು ಶುರುಮಾಡಲಿ.